ಖಾರದ ತಿಂಡಿಯೂ ನಾಲಗೆಯ ತೀರ್ಪೂ

ಶಾಲೆ ಬಿಟ್ಟ ಗಂಟೆ ಬಾರಿಸಿದೊಡನೆ ನಮ್ಮಲ್ಲಿ ಅನೇಕರ ಕಾಲುಗಳು ಬೀದಿಯ ಮೂಲೆಯ ಅಂಗಡಿಯತ್ತ ತಾವಾಗಿಯೇ ಸಾಗುತ್ತವೆ. ಈ ಮುಂಬಯಿ ನಗರದಲ್ಲಿ ಅಂತಹ ಅಂಗಡಿಯಿಲ್ಲದ ಬೀದಿಯೇ ವಿರಳ. ಖಾರದ ಸೇವು, ಚಿವಡಾ, ಆಲೂಗಡ್ಡೆಯ ಚಿಪ್ಸು, ಮಸಾಲೆ ಮಜ್ಜಿಗೆ, ಮಸಾಲೆ ಸೋಡಾ ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ವಾದವು ನಮ್ಮೊಳಗೆ ದಿನವೂ ನಡೆಯುತ್ತಿತ್ತು. ವಾದದಿಂದ ಬಗೆಹರಿಯದುದನ್ನು ಪರೀಕ್ಷೆಯಿಂದ ಬಗೆಹರಿಸಿಕೊಳ್ಳಿರೆಂದು ನಮ್ಮ ವಿಜ್ಞಾನದ ಗುರುಗಳು ಸೂಚಿಸಿದರು. ಆ ಪರೀಕ್ಷೆಯಿಂದ ನಾವು ಕಲಿತುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಖಾರವೆಂದರೇನು ಎಂಬುದನ್ನು ಅರಿಯಬೇಕು. ನಮ್ಮ ಹಿರಿಯರು ಅದನ್ನು ಕಟುವೆಂದು ಕರೆದು ಷಡ್ರಸಗಳಲ್ಲಿ ಸೇರಿಸಿದರು. ಆದರೆ ಇಂದಿನ ವಿಜ್ಞಾನದ ಪ್ರಕಾರ ಖಾರವು ರುಚಿಯಲ್ಲ, ಒಂದು ಬಗೆಯ ನೋವು. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತುವು, ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ಅರಿಯುವ ನರದ ಬಾಗಿಲನ್ನೇ ತಟ್ಟುತ್ತದೆ. ಆದುದರಿಂದಲೇ ತಣ್ಣನೆಯ ಚಿಪ್ಸು ತಿಂದರೂ ಬಾಯಿ ಉರಿಯುವುದು. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಖಾರವನ್ನು ಅಳೆಯುವ ಯತ್ನವೂ ನಾಲಗೆಯಿಂದಲೇ ಆರಂಭವಾಯಿತು. 1912ರಲ್ಲಿ ಅಮೆರಿಕದ ಔಷಧ ಶಾಸ್ತ್ರಜ್ಞ ವಿಲ್ಬರ್ ಸ್ಕೋವಿಲ್ ಎಂಬವರು ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗಿ, ಖಾರವು ತಿಳಿಯದಾಗುವವರೆಗೆ ರುಚಿ ನೋಡಿಸಿದರು. ಎಷ್ಟು ಪಟ್ಟು ತೆಳುಮಾಡಬೇಕಾಯಿತೋ ಅದೇ ಖಾರದ ಅಂಕ. ಈಶಾನ್ಯ ಭಾರತದ ಭೂತ್ ಜೊಲೋಕಿಯಾ ಮೆಣಸಿನಕಾಯಿಯ ಅಂಕ 10 ಲಕ್ಷವನ್ನು ಮೀರುತ್ತದೆ. ಇಂದು ಈ ಕೆಲಸವನ್ನು ಯಂತ್ರಗಳು ಮಾಡುತ್ತವೆ.

ನಮ್ಮಲ್ಲಿ ಯಂತ್ರವಿರಲಿಲ್ಲ, ನಿಯಮಗಳಿದ್ದುವು. ತಿಂಡಿಗಳನ್ನು ಪೊಟ್ಟಣದಿಂದ ತೆಗೆದು ಒಂದೇ ಬಗೆಯ ತಟ್ಟೆಗಳಲ್ಲಿರಿಸಿ, ಹೆಸರಿಗೆ ಬದಲಾಗಿ ಅಂಕೆ ಬರೆದೆವು. ಕಡಿಮೆ ಖಾರದ್ದನ್ನು ಮೊದಲು, ಹೆಚ್ಚು ಖಾರದ್ದನ್ನು ಕೊನೆಗೆ ತಿಂದೆವು. ಒಮ್ಮೆ ಉರಿದ ನಾಲಗೆಗೆ ಮುಂದಿನದರ ಸೂಕ್ಷ್ಮ ತಿಳಿಯದು. ಒಂದೊಂದರ ನಡುವೆ ತುಸು ಹೊತ್ತು ಬಿಟ್ಟು ಗುಟುಕು ಹಾಲು ಕುಡಿದೆವು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಹಾಲಿನಲ್ಲಿರುವ ಕೇಸೀನ್ ಅದನ್ನು ಹಿಡಿದು ತೊಳೆಯುತ್ತದೆ. ಪರಿಮಳ, ಗರಿಗರಿತನ, ಖಾರ, ಉಪ್ಪು ಇವಕ್ಕೆ ಬೇರೆಬೇರೆಯಾಗಿ ಅಂಕ ಕೊಟ್ಟೆವು. ಪಾನೀಯಗಳನ್ನು ಬೇರೆ ದಿನ ಪರೀಕ್ಷಿಸಿದೆವು. ಖಾರದ ಬಾಯಿಗೆ ಮಜ್ಜಿಗೆಯು ಸಮಾಧಾನ ತಂದರೆ, ಸೋಡಾ ಉರಿಯನ್ನು ಹೆಚ್ಚಿಸಿತು. ಅದರಲ್ಲಿನ ಅನಿಲವು ಬಾಯಿಯಲ್ಲಿ ಆಮ್ಲವಾಗಿ ತಾನೂ ನರಗಳನ್ನು ಚುಚ್ಚುತ್ತದೆ.

ಫಲಿತಾಂಶವು ನಮ್ಮನ್ನು ನಾಚಿಸಿತು. ಎಲ್ಲಕ್ಕಿಂತ ಕೆಂಪಾಗಿದ್ದುದೇ ಹೆಚ್ಚು ಖಾರವೆಂದು ನಂಬಿದ್ದೆವು, ಅದು ಸಪ್ಪೆಯಾಗಿತ್ತು. ಊರಿನಿಂದ ಬರುವ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದನ್ನು ನಮ್ಮ ತಾಯಂದಿರು ಬಲ್ಲರು, ನಾವು ಮರೆತಿದ್ದೆವು. ಹೆಸರು ಮರೆಯಾದೊಡನೆ ನಾವು ದಿನವೂ ಹೊಗಳುತ್ತಿದ್ದ ತಿಂಡಿಯು ಮೂರನೆಯ ಸ್ಥಾನಕ್ಕೆ ಇಳಿಯಿತು. ಮೊದಲ ಸ್ಥಾನ ಪಡೆದುದರ ಪೊಟ್ಟಣವನ್ನು ತಿರುಗಿಸಿ ಓದಿದಾಗ, ಎಲ್ಲಕ್ಕಿಂತ ಹೆಚ್ಚು ಸೋಡಿಯಂ ಅದರಲ್ಲಿಯೇ ಇತ್ತು! ಆದರೂ ಉಪ್ಪಿನ ಸಾಲಿನಲ್ಲಿ ನಾವದಕ್ಕೆ 'ಹಿತಮಿತ' ಎಂದು ಬರೆದಿದ್ದೆವು. ಖಾರದ ಗದ್ದಲದಲ್ಲಿ ಉಪ್ಪಿನ ಅಳತೆ ನಮಗೆ ತಿಳಿದಿರಲಿಲ್ಲ.

ಲೆಕ್ಕವನ್ನು ನೋಡೋಣ. ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ, ಎಂದರೆ ಸುಮಾರು 5 ಗ್ರಾಂ ಉಪ್ಪು, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. 100 ಗ್ರಾಂ ತಿಂಡಿಯಲ್ಲಿ 800 ಮಿಲಿಗ್ರಾಂ ಎಂದು ಬರೆದಿದ್ದರೆ, 50 ಗ್ರಾಂ ಪೊಟ್ಟಣವೊಂದರಲ್ಲಿಯೇ 400 ಮಿಲಿಗ್ರಾಂ ಆಯಿತು. ಅದು ದೊಡ್ಡವರ ದಿನದ ಮಿತಿಯ ಐದರಲ್ಲೊಂದು ಪಾಲು. ಉಪ್ಪು ಹೆಚ್ಚಾದರೆ ರಕ್ತದ ಒತ್ತಡ ಏರುವುದೆಂಬುದು ಸಿದ್ಧವಾದ ಸಂಗತಿ.

ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆಯ ಮಾತನ್ನು ತಿಂಡಿ ಮಾರುವವರು ನಮಗಿಂತ ಚೆನ್ನಾಗಿ ಬಲ್ಲರು. ಖಾರದ ತಿಂಡಿಯನ್ನು ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಅಂಗಡಿಯ ದಾರಿಯನ್ನು ನಾವೂ ಮರೆತಿಲ್ಲ. ಆದರೆ ಈಗ ಪೊಟ್ಟಣವನ್ನು ಹರಿಯುವ ಮುನ್ನ ಅದರ ಬೆನ್ನನ್ನು ಓದುತ್ತೇವೆ, ಒಂದನ್ನು ಇಬ್ಬರು ಹಂಚಿಕೊಳ್ಳುತ್ತೇವೆ. ನಾಲಗೆಯು ಒಳ್ಳೆಯ ಸಾಕ್ಷಿ; ಆದರೆ ಅದೊಂದನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂಡಿಸಲಾಗದು.