ಎಸ್.ಎಸ್.ಎಲ್.ಸಿ. ಫಲಿತಾಂಶ: ಫೇಲಾದರೆ ಮೊದಲು ಏನು ಮಾಡಬೇಕು?



ನಮ್ಮ ಶಾಲೆಯಲ್ಲಿ ಏಳನೇ ತರಗತಿಯೇ ಕೊನೆ. ಬರುವ ವರ್ಷ ನಾವೆಲ್ಲ ಹೈಸ್ಕೂಲಿಗೆ ಹೋಗುತ್ತೇವೆ. ಅಲ್ಲಿಂದ ಮೂರು ವರ್ಷಕ್ಕೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಹೇಗೆ ಬರೆಯಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಫಲಿತಾಂಶ ಬಂದ ದಿನ ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ನಮ್ಮ ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ. 2025ರಲ್ಲಿ ನಮ್ಮಕ್ಕ ಗಣಿತದಲ್ಲಿ ಫೇಲಾದಳು. ಆಗ ನಮಗೆ ಗೊತ್ತಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ಬರೆಯಲೋ ಬೇಡವೋ ಅಂತ ಮೊದಲು ಅವಳನ್ನೇ ಕೇಳಿದೆ. "ಬರಿ, ಆದ್ರೆ ನನ್ನ ಹೆಸರು ಹಾಕ್ಬೇಡ" ಅಂದಳು. ಹಾಕಿಲ್ಲ.

ಮೊದಲು ಅಂಕಗಳ ಲೆಕ್ಕ ತಿಳಿಯೋಣ. ಎಸ್.ಎಸ್.ಎಲ್.ಸಿ.ಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಈ ನೂರರಲ್ಲಿ 80 ಪರೀಕ್ಷೆಯಲ್ಲಿ ಬರೆದು ತೆಗೆಯಬೇಕು, 20 ಆಂತರಿಕ ಅಂಕ, ಅಂದರೆ ಶಾಲೆಯಲ್ಲೇ ಕೊಡುವುದು. ಪ್ರಥಮ ಭಾಷೆಗೆ 100 ಮತ್ತು 25. ಪರೀಕ್ಷೆ ನಡೆಸುವ ಮಂಡಳಿ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ಅದು 1966ರಲ್ಲಿ ಶುರುವಾಯಿತು. ಈಗ ಅದರ ಹೆಸರು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ.

ಅಕ್ಕನಿಗೆ ಬಂದ ಅಂಕ ಹೀಗಿತ್ತು. ಕನ್ನಡ 98, ಇಂಗ್ಲಿಷ್ 52, ಹಿಂದಿ 61, ಗಣಿತ 31, ವಿಜ್ಞಾನ 47, ಸಮಾಜ 66. ಕೂಡಿದರೆ 355. ನೂರಕ್ಕೆ 56.8 ಆಯಿತು. ಪಾಸಾಗಿದ್ದರೆ ಸೆಕೆಂಡ್ ಕ್ಲಾಸು. ಆದರೆ ಆ ವರ್ಷ ಪ್ರತಿ ವಿಷಯದಲ್ಲೂ 35 ಬರಲೇಬೇಕಾಗಿತ್ತು. ನಾಲ್ಕು ಅಂಕ ಕಮ್ಮಿ. ಆರರಲ್ಲಿ ಐದು ವಿಷಯ ಪಾಸಾದವಳನ್ನು ಊರಿನವರು ಕರೆದದ್ದು "ಫೇಲಾದೋಳು" ಅಂತ. ಐದು ಪಾಸಾದೋಳು ಅಂತ ಒಬ್ಬರೂ ಅನ್ನಲಿಲ್ಲ.

ಫಲಿತಾಂಶ ಬಂದದ್ದು 2025ರ ಮೇ 2, ಶುಕ್ರವಾರ. ಹಿಂದಿನ ಎರಡು ದಿನದಿಂದಲೇ ಮನೆಯಲ್ಲಿ ಮಾತು ಕಮ್ಮಿಯಾಗಿತ್ತು. ಅಜ್ಜಿ ಗಂಜಾಂನ ನಿಮಿಷಾಂಬ ತಾಯಿಗೆ ಹರಕೆ ಹೊತ್ತಿದ್ದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯಲ್ಲಿರುವ ಈ ದೇವಿ ಬೇಡಿದ್ದನ್ನು ನಿಮಿಷದಲ್ಲಿ ಕೊಡುತ್ತಾಳೆ ಅಂತ ನಮ್ಮ ಕಡೆ ನಂಬಿಕೆ. ನಿಮಿಷದಲ್ಲಿ ಗಣಿತ ಪಾಸು ಮಾಡಿಸು ಅಂದರೆ ಆ ತಾಯಿಗೂ ಕಷ್ಟವೇ. (ಅಜ್ಜಿ ಇದನ್ನು ಓದುವುದಿಲ್ಲ, ಅವರಿಗೆ ಕನ್ನಡಕ ಇಲ್ಲ.) ಅವ್ವ ಪಾಯಸಕ್ಕೆ ಅಂತ ಕಡ್ಲೆಬೇಳೆ ತಂದಿಟ್ಟಿದ್ದರು.

ಅಪ್ಪನ ಕಾಲದಲ್ಲಿ ಫಲಿತಾಂಶ ನೋಡಲು ಶಾಲೆಗೇ ಹೋಗಬೇಕಿತ್ತಂತೆ. ನೋಟೀಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಈಗ ನೋಂದಣಿ ಸಂಖ್ಯೆ ಮತ್ತು ಹುಟ್ಟಿದ ತಾರೀಖು ಹಾಕಿದರೆ ಮೊಬೈಲಿನಲ್ಲೇ ಬರುತ್ತೆ. ಬರುತ್ತೆ ಅಂತ ಹೇಳುವುದು ಸುಲಭ. ನಮ್ಮ ಊರಲ್ಲಿ ಅವತ್ತು ಆ ಸುತ್ತುವ ಗೆರೆ ಸುತ್ತುತ್ತಲೇ ಇತ್ತು. ನೀರಿನ ಟ್ಯಾಂಕಿನ ಹತ್ತಿರ ಸಿಗ್ನಲ್ ಚೆನ್ನಾಗಿ ಸಿಗುತ್ತೆ ಅಂತ ಹತ್ತನೇ ಕ್ಲಾಸಿನವರೆಲ್ಲ ಅಲ್ಲಿ ನಿಂತಿದ್ದರು. ಹಾಗಾಗಿ ಯಾರ ಫಲಿತಾಂಶವೂ ಗುಟ್ಟಾಗಿ ಉಳಿಯಲಿಲ್ಲ. ಪಕ್ಕದ ಮನೆ ಅಣ್ಣನಿಗೆ 590 ಬಂತು. ಅವನೂ ಅತ್ತ. 610 ಬರುತ್ತೆ ಅಂದುಕೊಂಡಿದ್ದನಂತೆ. ನನಗೆ ಆ ಅಳು ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

ಅಕ್ಕ ಅಳಲಿಲ್ಲ. ಫೋನು ವಾಪಸ್ ಕೊಟ್ಟು ಸುಮ್ಮನೆ ನಡೆದು ಹೋದಳು. ಒಂದು ಗಂಟೆಯಾದರೂ ಮನೆಗೆ ಬರಲಿಲ್ಲ. ಅವ್ವ ಮೊದಲು ಓಡಿದ್ದು ನಾಲೆ ಕಡೆಗೆ. ಯಾಕೆ ನಾಲೆ ಕಡೆಗೆ ಅಂತ ನಾನು ಆಗ ಕೇಳಲಿಲ್ಲ. ನನಗೂ ಗೊತ್ತಾಗಿತ್ತು. ನಾನು ಗದ್ದೆ ಬಯಲೆಲ್ಲ ಕೂಗಿಕೊಂಡು ಹೋದೆ. ಕೊನೆಗೆ ಅವಳು ಸಿಕ್ಕಿದ್ದು ನಮ್ಮ ಕೊಟ್ಟಿಗೆಯಲ್ಲೇ, ಹುಲ್ಲಿನ ಹಿಂದೆ. ಅವ್ವ ಹೊಡೆಯಲು ಕೈ ಎತ್ತಿ, ಆಮೇಲೆ ತಬ್ಬಿಕೊಂಡು ಅತ್ತರು. ಅಪ್ಪ ಸಂಜೆ ಗದ್ದೆಯಿಂದ ಬಂದು ಕಾಲು ತೊಳೆದುಕೊಂಡು ಅವಳ ಪಕ್ಕ ಕೂತು ಹೇಳಿದ್ದು ಇಷ್ಟೇ: "ಹೋಗ್ಲಿ ಬುಡು ಮಗ. ಕಬ್ಬು ಕಡುದ್ ಮ್ಯಾಲೂ ಕೂಳೆ ಬತ್ತದೆ."

ಇಲ್ಲಿ ಒಂದು ವಿಷಯ ಎಲ್ಲರೂ ಬರೆದಿಟ್ಟುಕೊಳ್ಳಿ. ಮನಸ್ಸು ತುಂಬಾ ಕೆಟ್ಟು ಮನೆಯವರ ಹತ್ತಿರ ಹೇಳಲು ಆಗದಿದ್ದರೆ 14416 ನಂಬರಿಗೆ ಫೋನ್ ಮಾಡಬಹುದು. ಟೆಲಿ-ಮಾನಸ್ ಅಂತ ಅದರ ಹೆಸರು, 2022ರಲ್ಲಿ ಶುರುವಾಯಿತು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098. ಫಲಿತಾಂಶದ ದಿನ ನಿಮ್ಮ ಅಕ್ಕನೋ ಅಣ್ಣನೋ ಮಾತಾಡದೆ ಎದ್ದು ಹೋದರೆ ಅವರ ಹಿಂದೆಯೇ ಹೋಗಿ. ನಾನು ಅವತ್ತು ಟ್ಯಾಂಕಿನ ಹತ್ತಿರ ಬೇರೆಯವರ ಅಂಕ ಕೇಳಿಕೊಂಡು ನಿಂತುಬಿಟ್ಟಿದ್ದೆ. ಅದು ನನ್ನ ತಪ್ಪು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 2024 ಮತ್ತು 2025ರಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆ ಇತ್ತು. ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತಲೇ ಹೆಸರು. ಮೊದಲಿದ್ದ ಪೂರಕ ಪರೀಕ್ಷೆ ಅನ್ನುವ ಮಾತನ್ನೇ ತೆಗೆದುಹಾಕಿದ್ದಾರೆ. ಒಂದರಲ್ಲಿ ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಾಗಿಲ್ಲ, ಫೇಲಾದ್ದನ್ನು ಮಾತ್ರ ಬರೆದರೆ ಸಾಕು. ಪಾಸಾದವರೂ ಅಂಕ ಕಮ್ಮಿಯಾಯಿತು ಅನ್ನಿಸಿದರೆ ಮತ್ತೆ ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಟುಕೊಳ್ಳುತ್ತಾರೆ. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ವರ್ಷ ಹೋಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಆದರೆ ದಿನ ಬಹಳ ಇರುವುದಿಲ್ಲ. 2025ರಲ್ಲಿ ಫಲಿತಾಂಶ ಮೇ 2ಕ್ಕೆ, ಪರೀಕ್ಷೆ-2 ಮೇ 26ಕ್ಕೆ ಶುರು. ನಡುವೆ 24 ದಿನ. ಅದರಲ್ಲೂ ಅರ್ಜಿ ತುಂಬಲು ಸಿಗುವುದು ಮೊದಲ ಕೆಲವು ದಿನ ಮಾತ್ರ. ಅರ್ಜಿ ತುಂಬುವುದು ಓದಿದ ಶಾಲೆಯಲ್ಲೇ. ಅಂದರೆ ನಾಚಿಕೆಯಾದರೂ ಆ ಶಾಲೆಯ ಗೇಟಿನೊಳಗೆ ಮತ್ತೆ ಹೋಗಲೇಬೇಕು. ಬಹಳ ಜನ ತಪ್ಪಿಸಿಕೊಳ್ಳುವುದು ಇಲ್ಲಿಯೇ. ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕಿಂತ ಅರ್ಜಿ ತುಂಬದೇ ಇದ್ದದ್ದರಿಂದ ಹಾಳಾದದ್ದೇ ಹೆಚ್ಚು ಅಂತ ನನಗೆ ಅನ್ನಿಸುತ್ತೆ.

ಯಾಕೆ ಹೀಗೆ ಅನ್ನುತ್ತೇನೆ ಅಂದರೆ, ನಾಗಮಂಗಲದಲ್ಲಿ ನಮ್ಮ ದೊಡ್ಡಮ್ಮನ ಮಗ ಇದ್ದಾನೆ. 2018ರಲ್ಲಿ ಇಂಗ್ಲಿಷ್ ಮತ್ತು ವಿಜ್ಞಾನದಲ್ಲಿ ಫೇಲಾದ. ಆಗ ಜೂನ್ ತಿಂಗಳಲ್ಲಿ ಪೂರಕ ಪರೀಕ್ಷೆ ಇತ್ತು. ಮೇಷ್ಟ್ರ ಮುಖ ಹೇಗೆ ನೋಡೋದು ಅಂತ ಅವನು ಶಾಲೆ ಕಡೆ ಹೋಗಲೇ ಇಲ್ಲ. ಯಾರಿಗೂ ಹೇಳದೆ ಬೆಂಗಳೂರಿನ ಬಸ್ಸು ಹತ್ತಿ ಹೋಟೆಲ್ ಕೆಲಸಕ್ಕೆ ಸೇರಿಕೊಂಡ. ಅವನಿಗೆ ಐ.ಟಿ.ಐ. ಮಾಡಿ ಎಲೆಕ್ಟ್ರಿಷಿಯನ್ ಆಗುವ ಆಸೆ. ಅದಕ್ಕೆ ಎಸ್.ಎಸ್.ಎಲ್.ಸಿ. ಪಾಸಾಗಿರಬೇಕು. ಪ್ರತಿ ವರ್ಷ "ಮುಂದಿನ ವರ್ಷ ಕಟ್ತೀನಿ" ಅನ್ನುತ್ತಿದ್ದ. ಅಕ್ಕನ ಸುದ್ದಿ ಕೇಳಿ ಅವನೇ ರಾತ್ರಿ ಫೋನ್ ಮಾಡಿದ. "ನಾಳೆ ಬೆಳಿಗ್ಗೆನೇ ಸ್ಕೂಲ್ ಹತ್ರ ಹೋಗವ್ವ. ಒಂದು ವಾರ ಬಿಟ್ರೆ ಆಮೇಲೆ ಕಾಲೇ ಏಳಲ್ಲ. ನನ್ ನೋಡು" ಅಂದ. ದೊಡ್ಡವರು ಹೇಳಿದ ಎಷ್ಟೋ ಮಾತಿಗಿಂತ ಆ ಮಾತು ಅಕ್ಕನಿಗೆ ನಾಟಿತು.

ದೊಡ್ಡವರು ಏನು ಹೇಳುತ್ತಿದ್ದರು ಅಂದರೆ, ಒಬ್ಬ ಮೇಷ್ಟ್ರು ಆರ್.ಕೆ. ನಾರಾಯಣ್ ಅವರ ಕತೆ ಹೇಳಿದರು. ಅವರು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲೇ ಪುಸ್ತಕ ಓದಿಕೊಂಡಿದ್ದು, 1926ರಲ್ಲಿ ಪಾಸಾಗಿ ಮೈಸೂರಿನ ಮಹಾರಾಜ ಕಾಲೇಜು ಸೇರಿದರು. ಆಮೇಲೆ ದೊಡ್ಡ ಲೇಖಕರಾದರು. ಕಿಕ್ಕೇರಿಯಲ್ಲಿ ಹುಟ್ಟಿದ ನಮ್ಮ ಕೆ.ಎಸ್. ನರಸಿಂಹಸ್ವಾಮಿಯವರೂ ಬಿ.ಎ. ಮುಗಿಸಲಿಲ್ಲ. ಇವೆಲ್ಲ ನಿಜ. ಆದರೆ ಇಂಥ ಕತೆಯನ್ನು ಫೇಲಾದ ದಿನವೇ ಹೇಳಬಾರದು. ಅಕ್ಕನಿಗೆ ಸಿಟ್ಟು ಬಂತು. "ನಾನೇನ್ ಕವಿ ಆಗ್ಬೇಕಾ, ನಂಗೆ 35 ಬೇಕು ಅಷ್ಟೇ" ಅಂದಳು.

ಕೆ.ಆರ್.ಪೇಟೆಯಿಂದ ಮಾವ ಬಂದರು. ಅವರದು ಬೇರೆ ಮಾತು. "ಓದಿದ್ದು ಸಾಕು ಬಾವ, ನಮ್ ಕಡೆ ಒಂದು ಒಳ್ಳೆ ಗಂಡದೆ, ಮೂರು ಎಕರೆ ನೀರಾವರಿ" ಅಂದರು. ಅವ್ವ ಅಪ್ಪನ ಮುಖ ನೋಡಿದರು. ಅಕ್ಕ ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಅಪ್ಪ, "ಅವಳಿಗೆ ಇನ್ನೂ ಹದಿನಾರು ಕಣಪ್ಪ. ಮೊದ್ಲು ಲೆಕ್ಕ ಪಾಸ್ ಮಾಡ್ಲಿ" ಅಂದರು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಕಾನೂನಿನ ಪ್ರಕಾರ ಅಪರಾಧ. ಇದಕ್ಕೂ ಅದೇ 1098ಕ್ಕೆ ಹೇಳಬಹುದು. ಮಾವ ಊಟ ಮಾಡಿ ಸಂಜೆ ಬಸ್ಸಿಗೆ ಹೋದರು. ಅವರ ಮೇಲೆ ನನಗೆ ಕೋಪ ಇಲ್ಲ, ಆದರೆ ಹುಡುಗ ಫೇಲಾದರೆ ಯಾರೂ ಹೆಣ್ಣು ತೋರಿಸಲು ಬರುವುದಿಲ್ಲವಲ್ಲ.

ಮಾರನೆಯ ದಿನ ಬೆಳಿಗ್ಗೆ ಅಕ್ಕ, ಅಪ್ಪ, ನಾನು ಮೂವರೂ ಹೈಸ್ಕೂಲಿಗೆ ಹೋದೆವು. ಅಲ್ಲಿ ಆಗಲೇ ಏಳೆಂಟು ಜನ ಇದ್ದರು. ಅಕ್ಕನ ಬೆನ್ನು ಆಗ ಸ್ವಲ್ಪ ನೆಟ್ಟಗಾಯಿತು. ಗುಮಾಸ್ತರು ಅರ್ಜಿ ತುಂಬಿಸಿದರು. ಉತ್ತರ ಪತ್ರಿಕೆಯ ಮೇಲೆ ಅನುಮಾನ ಇದ್ದರೆ ಮೊದಲು ಅದರ ನಕಲು ಪ್ರತಿ ತರಿಸಿಕೊಂಡು, ಆಮೇಲೆ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಹಾಕಬಹುದು ಅಂತಲೂ ತಿಳಿಸಿದರು. ಅಕ್ಕ ಬೇಡ ಅಂದಳು. ತಾನು ಬರೆದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಗಣಿತದ ಮೇಷ್ಟ್ರು ವಿಶೇಷ ತರಗತಿ ತೆಗೆದುಕೊಂಡರು. "ಇಪ್ಪತ್ತು ದಿನದಲ್ಲಿ ಇಡೀ ಪುಸ್ತಕ ಮುಟ್ಟಬೇಡಿ" ಅಂತ ಅವರ ಮೊದಲ ಮಾತು. ಸಮಾಂತರ ಶ್ರೇಢಿ, ನಕ್ಷೆ ಎಳೆದು ಸಮೀಕರಣ ಬಿಡಿಸುವುದು, ಸರಾಸರಿ, ಮಧ್ಯಾಂಕ, ಬಹುಲಕ, ಥೇಲ್ಸ್ ಮತ್ತು ಪೈಥಾಗೊರಸ್ ಪ್ರಮೇಯ. ಇಷ್ಟನ್ನು ಬರೆದು ಬರೆದು ಕಲಿಯಿರಿ ಅಂದರು. ಸಮಾಂತರ ಶ್ರೇಢಿ ನನಗೂ ಅರ್ಥವಾಯಿತು, ಹೇಳುತ್ತೇನೆ ಕೇಳಿ. ಮೊದಲ ದಿನ 3 ಲೆಕ್ಕ ಮಾಡಬೇಕು, ದಿನಕ್ಕೆ 2 ಜಾಸ್ತಿ ಮಾಡುತ್ತಾ ಹೋಗಬೇಕು ಅಂದುಕೊಳ್ಳಿ. 3, 5, 7, 9 ಹೀಗೆ. ಹನ್ನೆರಡನೇ ದಿನ ಎಷ್ಟು? ಮೊದಲ ದಿನದ 3ಕ್ಕೆ ಹನ್ನೊಂದು ಸಲ 2 ಸೇರುತ್ತೆ. 3 + 22 = 25. ಹನ್ನೆರಡು ದಿನದ ಒಟ್ಟು ಲೆಕ್ಕ ಬೇಕಾದರೆ ಮೊದಲನೆಯದು ಕೊನೆಯದು ಕೂಡಿಸಿ, 3 + 25 = 28. ಎರಡನೆಯದು ಮತ್ತು ಕೊನೆಯದರ ಹಿಂದಿನದು ಕೂಡಿಸಿದರೂ 5 + 23 = 28. ಹೀಗೆ ಆರು ಜೋಡಿ. 6 × 28 = 168. ಅಕ್ಕ ಅಷ್ಟೊಂದು ಮಾಡಲಿಲ್ಲ ಬಿಡಿ, ಆದರೆ ಎರಡು ನೋಟ್ ಪುಸ್ತಕ ಮುಗಿಸಿದ್ದು ನಿಜ.

ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು, ಅದರಿಂದ ಅಪ್ಪನಿಗೂ ಸಮಾಧಾನವಾಯಿತು. ನಮ್ಮ ಮಂಡ್ಯ ಜಿಲ್ಲೆ 2023ರಲ್ಲಿ ಶೇಕಡ 96.74 ಪಾಸಾಗಿ ರಾಜ್ಯಕ್ಕೆ ಎರಡನೇ ಸ್ಥಾನದಲ್ಲಿತ್ತು. ಆ ವರ್ಷ ರಾಜ್ಯದ ಫಲಿತಾಂಶ 83.89. ಮುಂದಿನ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು ಕುಳಿತಲ್ಲಿಂದಲೇ ನೋಡುವ ವ್ಯವಸ್ಥೆ ಬಂತು. 2024ರಲ್ಲಿ ಹೆಚ್ಚಿಗೆ ಕೃಪಾಂಕ ಕೊಟ್ಟರೂ 73.40ಕ್ಕೆ ಇಳಿಯಿತು. 2025ರಲ್ಲಿ ಆ ಕೃಪಾಂಕವೂ ಇಲ್ಲ, 66.14. ಅಂದರೆ ಮೂವರಲ್ಲಿ ಒಬ್ಬರು ಪರೀಕ್ಷೆ-1ರಲ್ಲಿ ಪಾಸಾಗಲಿಲ್ಲ. 625ಕ್ಕೆ 625 ತೆಗೆದವರು 22 ಜನ. ಪೇಪರಿನಲ್ಲಿ ಫೋಟೋ ಬರುವುದು ಆ 22 ಜನರದು, ಹಾಗಾಗಿ ಮಿಕ್ಕವರು ತಾವೊಬ್ಬರೇ ಹೀಗೆ ಅಂದುಕೊಳ್ಳುತ್ತಾರೆ.

ಪರೀಕ್ಷೆ-2ರ ಫಲಿತಾಂಶ ಜೂನ್ 13ಕ್ಕೆ ಬಂತು. ಈ ಸಲ ಅಕ್ಕ ಟ್ಯಾಂಕಿನ ಹತ್ತಿರ ಹೋಗಲಿಲ್ಲ, ನನ್ನನ್ನು ಕಳಿಸಿದಳು. ಗಣಿತ 44. ಓಡಿ ಬಂದು ಹೇಳಿದೆ. "ಸರಿಯಾಗಿ ನೋಡ್ದಾ? ನನ್ನ ನಂಬರೇನಾ?" ಅಂತ ಮೂರು ಸಲ ಕೇಳಿದಳು. ಮೇ ತಿಂಗಳಿಂದ ಡಬ್ಬಿಯಲ್ಲಿದ್ದ ಕಡ್ಲೆಬೇಳೆಗೆ ಅವತ್ತು ಬಿಡುಗಡೆಯಾಯಿತು. 355ರಲ್ಲಿ 31 ಕಳೆದು 44 ಸೇರಿಸಿದರೆ 368. ಈಗ ಅವಳು ಪಿ.ಯು.ಸಿ.ಯಲ್ಲಿ ವಾಣಿಜ್ಯ ವಿಭಾಗ ಓದುತ್ತಿದ್ದಾಳೆ.

2025ರ ಅಕ್ಟೋಬರಿನಲ್ಲಿ ಸರ್ಕಾರ ನಿಯಮ ಬದಲಾಯಿಸಿತು. 2025-26ರಿಂದ ಪ್ರತಿ ವಿಷಯದಲ್ಲಿ ಕನಿಷ್ಠ 30 ಬಂದು, ಒಟ್ಟು 625ಕ್ಕೆ 206 ಬಂದರೆ ಪಾಸು. ಈ ಸುದ್ದಿ ಓದಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ 31 ಬಂದಿತ್ತು ಕಣೋ" ಅಂದಳು. ಆಮೇಲೆ ನಕ್ಕಳು.

ನಾಗಮಂಗಲದ ಅಣ್ಣನೂ ಈಗ ಎರಡು ವಿಷಯ ಕಟ್ಟುತ್ತೇನೆ ಅಂತ ಹಳೆಯ ಪುಸ್ತಕ ಕೇಳಿದ್ದಾನೆ. ಅಕ್ಕ ತನ್ನ ವಿಜ್ಞಾನದ ನೋಟ್ಸ್ ಕಳಿಸಿದ್ದಾಳೆ. ಅವನು ಶಾಲೆಗೆ ಹೋಗಿ ವಿಚಾರಿಸಿದ್ದಾನೋ ಇಲ್ಲವೋ ಅಂತ ಪ್ರತಿ ಭಾನುವಾರ ಫೋನ್ ಮಾಡಿ ಕೇಳುವುದು ನನ್ನ ಕೆಲಸ.

ಈ ಲೇಖನದ ಲೆಕ್ಕಗಳನ್ನೆಲ್ಲ ಅಕ್ಕನೇ ನೋಡಿಕೊಟ್ಟಳು. ಒಂದು ಕಡೆ ನಾನು 355ರ ಬದಲು 356 ಅಂತ ಬರೆದಿದ್ದೆ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಸೊನ್ನೆ ಕೊಟ್ಟಿದ್ದಾಳೆ.