ಹೆಸರು ಮೊದಲೋ, ಪ್ರಶ್ನೆ ಮೊದಲೋ?

ಬೋಧನಾಭ್ಯಾಸದ ತರಗತಿಯಲ್ಲಿ ಗದ್ದಲವೆದ್ದರೆ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮೇಜು ಬಡಿದು ‘ಸೈಲೆನ್ಸ್’ ಎನ್ನುತ್ತಾರೆ. ಅಮೆರಿಕದ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗದರುವ ರೀತಿಗೂ ತರಗತಿಯ ಶಿಸ್ತಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಗದ್ದಲ ಹುಟ್ಟುವ ಮುಂಚೆ ಶಿಕ್ಷಕರು ಏನು ಮಾಡುತ್ತಿದ್ದರು ಎಂಬುದೇ ವ್ಯತ್ಯಾಸ ತಂದಿತ್ತು. ಇಡೀ ತರಗತಿಯನ್ನು ಎಚ್ಚರದಲ್ಲಿಡುವುದು ಅವುಗಳಲ್ಲೊಂದು.

ಭಿನ್ನರಾಶಿಯ ಪಾಠವನ್ನೇ ನೋಡಿ. ‘ಮಂಜುಳಾ, ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟು?’ ಎಂದರೆ, ಹೆಸರು ಕಿವಿಗೆ ಬಿದ್ದೊಡನೆ ಉಳಿದ 39 ಮಕ್ಕಳಿಗೆ ಬಿಡುವು. ಹಿಂದಿನ ಬೆಂಚಿನ ಮಾತು ಶುರುವಾಗುವುದು ಅಲ್ಲೇ. ಪ್ರಶ್ನೆ ಕೇಳಿ, ಎಲ್ಲರತ್ತ ಕಣ್ಣು ಹಾಯಿಸಿ, ಆಮೇಲೆ ಹೆಸರು ಹೇಳಿದರೆ ಪ್ರತಿಯೊಬ್ಬರೂ ಲೆಕ್ಕ ಹಾಕಬೇಕಾಗುತ್ತದೆ. ನಡುವೆ 3 ಸೆಕೆಂಡಾದರೂ ಕಾಯಿರಿ. ಮೇರಿ ಬಡ್ ರೋ ಗಮನಿಸಿದ ಶಿಕ್ಷಕರು ಸರಾಸರಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು 3ಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ನಿಧಾನ ಕಲಿಕೆಯವರು’ ಎನಿಸಿಕೊಂಡವರೂ ಹೆಚ್ಚು ಮಾತಾಡಿದರು. ವೀಕ್ಷಕರು ಹಿಂದೆ ಕುಳಿತಿರುವಾಗ ಆ 3 ಸೆಕೆಂಡು ಯುಗದಂತೆ ಅನಿಸುತ್ತದೆ, ನಿಜ.

ಆದರೆ ಗಮನ ತಪ್ಪಿದ ಮಗುವನ್ನು ಸಿಕ್ಕಿಸಲೆಂದೇ ಅದರ ಹೆಸರು ಕೂಗಬೇಡಿ. ಮಗುವಿಗೆ ಅಂಥ ಪ್ರಶ್ನೆ ಶಿಕ್ಷೆಯಂತೆಯೇ. ಮರುದಿನ ಉತ್ತರ ಗೊತ್ತಿದ್ದರೂ ಅದು ಬಾಯಿ ಬಿಡದು. ‘ಗೊತ್ತಿಲ್ಲ ಸಾರ್’ ಎಂದವನಿಗೆ ಪಕ್ಕದವರ ಉತ್ತರ ಕೇಳಿಸಿ, ಮತ್ತೆ ಅವನ ಬಳಿಗೇ ಬನ್ನಿ.

ಪಾಠಯೋಜನೆಯಲ್ಲಿ ಮುಖ್ಯ ಪ್ರಶ್ನೆಗಳ ಪಕ್ಕ ಕಾಯುವ ಸಮಯವನ್ನೂ ಬರೆದುಕೊಳ್ಳಿ. ಪಾಠ ವೀಕ್ಷಿಸುವ ಸಹಪಾಠಿ ಅದನ್ನು ಗಡಿಯಾರ ನೋಡಿ ಗುರುತಿಸಲಿ.