ನೌಕರಿ ಬಿಡಬೇಡ, ಮೂರನೆಯದನ್ನು ಬಿಡು

ದೋರನಹಳ್ಳಿ

ಚಿ. ಸೌ. ತಂಗಿಗೆ, ಹೊಲದಲ್ಲಿ ಹತ್ತಿ ಬಿಡಿಸುವುದು ಇನ್ನೂ ಮುಗಿದಿಲ್ಲ. ಆಳುಗಳ ಲೆಕ್ಕ, ತೂಕದ ಲೆಕ್ಕ ಎಂದು ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ.

ಕಥಾಸಂಕಲನಕ್ಕೆ ಹೆಸರು ಬಂತು, ಕಾದಂಬರಿ ಮಾತ್ರ ಮೂರನೆಯ ಅಧ್ಯಾಯಕ್ಕೆ ನಿಂತುಬಿಟ್ಟಿದೆ, ಸಂಜೆ ಕಾಲೇಜಿನಿಂದ ಮನೆಗೆ ಬಂದರೆ ತಲೆಯಲ್ಲಿ ಒಂದು ವಾಕ್ಯವೂ ಉಳಿದಿರುವುದಿಲ್ಲ ಎಂದು ಬರೆದಿದ್ದಿ. ಕೊನೆಗೆ, ರಾಜೀನಾಮೆ ಕೊಟ್ಟುಬಿಡಲೇ ದೊಡ್ಡಪ್ಪ, ಎಂದು ಕೇಳಿದ್ದಿ. ನಿಮ್ಮವ್ವ ಅದೇ ದಿನ ಫೋನು ಮಾಡಿ, "ಸರಕಾರಿ ನೌಕರಿ ಬಿಡ್ತಾಳಂತ ನೋಡಪಾ, ನೀನರ ಒಂದೀಟು ಬುದ್ಧಿ ಹೇಳು" ಎಂದು ಅತ್ತಳು. ನಾನು ಅವಳ ಪರವಾಗಿ ಬರೆಯುತ್ತಿಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಡುನಡುವೆ ಕಥೆ ಬರೆದು ನಿವೃತ್ತನಾದವನಾಗಿ, ಈ ಎರಡೂ ಕೆಲಸಗಳ ರುಚಿ ಕಂಡವನಾಗಿ ಬರೆಯುತ್ತಿದ್ದೇನೆ.

ಮೊದಲು ರೊಕ್ಕದ ಮಾತು ಮುಗಿಸಿಬಿಡೋಣ. ಕನ್ನಡದ ಒಂದು ಕಾದಂಬರಿ ಸಾವಿರ ಪ್ರತಿ ಅಚ್ಚಾಯಿತು, ಬೆಲೆ 250 ರೂಪಾಯಿ, ಗೌರವಧನ ನೂರಕ್ಕೆ ಹತ್ತು ಅಂತ ಇಟ್ಟುಕೋ. ಎಲ್ಲ ಪ್ರತಿಯೂ ಖರ್ಚಾದ ಮೇಲೆ ನಿನ್ನ ಕೈಗೆ ಬರುವುದು 25,000 ರೂಪಾಯಿ. ಆ ಸಾವಿರ ಪ್ರತಿ ಖರ್ಚಾಗಲು ಎಷ್ಟು ವರ್ಷ ಹಿಡಿಯುತ್ತದೆಂದು ಪ್ರಕಾಶಕರನ್ನೇ ಕೇಳು. ನಿನ್ನ ಕಾಲೇಜಿನ ಅತಿಥಿ ಉಪನ್ಯಾಸಕರ ಪಕ್ಕದ ಕುರ್ಚಿಯಲ್ಲೇ ನೀನು ಕೂರುತ್ತಿ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎನ್ನುವ ಚಿಂತೆಯಲ್ಲಿ ಅವರಿಗೆ ಬರೆಯುವ ಮನಸ್ಸು ಎಷ್ಟು ಉಳಿದಿರುತ್ತದೆ ಎಂದು ನಿನಗೇ ಗೊತ್ತು. ತಿಂಗಳ ಸಂಬಳದಿಂದ ಅನ್ನವಷ್ಟೇ ಅಲ್ಲ, ಯಾರ ಹಂಗೂ ಇಲ್ಲದೆ ಬರೆಯುವ ಧೈರ್ಯವೂ ಬರುತ್ತದೆ.

ಇನ್ನು ನಿನ್ನ ನಿಜವಾದ ದೂರು: ಕಾಲೇಜು ಕಾದಂಬರಿಯನ್ನು ತಿನ್ನುತ್ತಿದೆ ಎಂಬುದು. ಇದಕ್ಕೆ ನಮ್ಮ ಸೀಮೆಯ ಒಂದು ಉದಾಹರಣೆ ಕೇಳು. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಿದ್ದಿ. ಆ ಮನೆಯ ಮೆಡೋಸ್ ಟೇಲರ್ ಒಬ್ಬ ಕಾದಂಬರಿಕಾರ. ನಿಜಾಮರ ಸೇವೆಯಲ್ಲಿದ್ದಾಗ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿ, 1839ರಲ್ಲಿ ಥಗ್ಗರ ಮೇಲಿನ ಕಾದಂಬರಿಯನ್ನೂ 1840ರಲ್ಲಿ ಟಿಪ್ಪು ಸುಲ್ತಾನನ ಮೇಲಿನದನ್ನೂ ಅಚ್ಚು ಹಾಕಿಸಿದ. 1841ರಲ್ಲಿ ಆಡಳಿತ ನೋಡಿಕೊಳ್ಳಲು ಸುರಪುರಕ್ಕೆ ಬಂದ. ಬಾಲಕ ರಾಜ ವೆಂಕಟಪ್ಪ ನಾಯಕ, ರಾಣಿ ಈಶ್ವರಮ್ಮ, ಸಂಸ್ಥಾನದ ಸಾಲ, ಕಂದಾಯ, ತಂಟೆ ತಕರಾರು ಎಲ್ಲವೂ ಅವನ ತಲೆಗೆ ಬಿದ್ದವು. 1853ರವರೆಗೆ ಇಲ್ಲಿದ್ದ. 1840ರ ನಂತರ ಅವನ ಮುಂದಿನ ಕಾದಂಬರಿ 'ತಾರಾ' ಬಂದದ್ದು 1863ರಲ್ಲಿ, ಅಂದರೆ ನಿವೃತ್ತನಾಗಿ ಊರಿಗೆ ಹೋದ ಮೇಲೆ. ನಡುವೆ 23 ವರ್ಷ ಖಾಲಿ. ಅವನ ರಾಜಕಾರಣದ ನ್ಯಾಯಾನ್ಯಾಯ ಇಲ್ಲಿ ಬೇಡ. ನಾನು ಹೇಳುವುದು ಇಷ್ಟೇ: ಅವನನ್ನು ಕಾದಂಬರಿಯಿಂದ ದೂರ ಇಟ್ಟದ್ದು ಆಡಳಿತ. ಬೆಳಿಗ್ಗೆ ಎದ್ದರೆ ರಾತ್ರಿಯವರೆಗೆ ಇನ್ನೊಬ್ಬರ ತಕರಾರು ತೀರಿಸುವ ಕೆಲಸದಲ್ಲಿ ಕಾದಂಬರಿ ಬೆಳೆಯುವುದಿಲ್ಲ.

ಪಾಠ ಹೇಳುವುದು ಅಂಥ ಕೆಲಸವಲ್ಲ. ಕನ್ನಡದಲ್ಲಿ ಲೆಕ್ಕ ಹಾಕಿ ನೋಡು. ಕುವೆಂಪು ಅಧ್ಯಾಪಕರಾಗಿದ್ದಾಗಲೇ 1936ರಲ್ಲಿ 'ಕಾನೂರು ಹೆಗ್ಗಡಿತಿ' ಬಂತು, 1949ರಲ್ಲಿ 'ಶ್ರೀ ರಾಮಾಯಣ ದರ್ಶನಂ' ಬಂತು. 1956ರಿಂದ 1960ರವರೆಗೆ ಕುಲಪತಿಯಾಗಿ, ನಿವೃತ್ತಿಯ ನಂತರ 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಕೊಟ್ಟರು. ಭೈರಪ್ಪನವರು ಹುಬ್ಬಳ್ಳಿ, ಗುಜರಾತ, ದಿಲ್ಲಿ, ಮೈಸೂರು ಎಂದು ಊರು ಬದಲಿಸುತ್ತ ಪಾಠ ಹೇಳಿದರು, 1991ರಲ್ಲಿ ನಿವೃತ್ತರಾದರು. 'ವಂಶವೃಕ್ಷ', 'ಗೃಹಭಂಗ', 'ಪರ್ವ' ಎಲ್ಲವೂ ಸಂಬಳದ ಕಾಲದವೇ. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುವಾಗ. ಬರ್ಗ್‌ಮನ್‌ನ ಸಿನಿಮಾ ನೋಡಿ ಬಂದವರಿಗೆ, ಇದರ ಮೇಲೆ ಬರಿ ಎಂದು ಹುರಿದುಂಬಿಸಿದ ಗುರು ಮಾಲ್ಕಂ ಬ್ರಾಡ್‌ಬರಿ ಕೂಡ ಪ್ರೊಫೆಸರರೇ, ಕಾದಂಬರಿಕಾರರೇ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಪ್ರಾಂಶುಪಾಲರೂ ಆದ ವೀಣಾ ಶಾಂತೇಶ್ವರ ಸಣ್ಣಕಥೆಯನ್ನೇ ತಮ್ಮ ಕ್ಷೇತ್ರ ಮಾಡಿಕೊಂಡರು. ನಮ್ಮ ಪಕ್ಕದ ರಾಯಚೂರಿನಿಂದ ಹೋದ ಅಮರೇಶ ನುಗಡೋಣಿಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಲೇ ಕಥೆ ಕಟ್ಟಿದರು. ಇನ್ನು ನೌಕರಿ ಬಿಟ್ಟವರು? ಲಂಕೇಶರು ವಿಶ್ವವಿದ್ಯಾಲಯದ ಹುದ್ದೆ ಬಿಟ್ಟರು. 1980ರಲ್ಲಿ ಪತ್ರಿಕೆ ತೆಗೆದರು. ವಾರವಾರ ಪತ್ರಿಕೆ ತರುವುದು ಕಾಲೇಜಿಗಿಂತ ಹಗುರ ಎಂದು ಯಾರೂ ಹೇಳಲಾರರು.

ನಿನಗೆ ಎಲ್ಲರಿಗಿಂತ ಹತ್ತಿರದವರು ಕಲಬುರಗಿಯ ಗೀತಾ ನಾಗಭೂಷಣ. ಸಾವಳಗಿಯಲ್ಲಿ ಹುಟ್ಟಿದವರು, ತಂದೆ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕೂಲಿಕಾರ. ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ಓದಿದರು, ಕಾಲೇಜಿನಲ್ಲಿ ಪಾಠ ಹೇಳಿದರು, ಪ್ರಾಂಶುಪಾಲೆಯಾದರು. ಇದರ ನಡುವೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ. 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಆ ಪ್ರಶಸ್ತಿ ಪಡೆದ ಕನ್ನಡದ ಮೊದಲ ಹೆಣ್ಣುಮಗಳು ಅವರೇ. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಯಾರೂ ಅವರಿಗೆ ಬಿಡುವು ಕೊಡಲಿಲ್ಲ. ಅವರು ತಮ್ಮ ಓಣಿಯ ಮಾತನ್ನು ಬಿಡಲಿಲ್ಲ. ಪಾಠಪುಸ್ತಕದ ಕನ್ನಡ ಕಾಲೇಜಿನಲ್ಲಿ, ಕಲಬುರಗಿಯ ಕನ್ನಡ ಕಾದಂಬರಿಯಲ್ಲಿ.

ಇಲ್ಲಿ ನಿನ್ನ ಹಸ್ತಪ್ರತಿಯ ಮಾತು ಬಂತು. ನೀನು ಕಳಿಸಿದ ಮೂರು ಅಧ್ಯಾಯ ಓದಿದೆ. ಗುಳೆ ಹೋಗುವ ಮೊದಲ ಅಧ್ಯಾಯ ಚಂದಾಗಿದೆ, ಬಸ್ ಸ್ಟ್ಯಾಂಡಿನಲ್ಲಿ ಬುತ್ತಿಗಂಟು ಕಾಯುವ ಮುದುಕಿ ಕಣ್ಣಿಗೆ ಕಟ್ಟುತ್ತಾಳೆ. ಎರಡನೆಯದರಲ್ಲಿ ಅದೇ ಮುದುಕಿ ಜಾಗತೀಕರಣದ ಮೇಲೆ ಉಪನ್ಯಾಸ ಕೊಡುತ್ತಾಳೆ. ಅದು ಅವಳ ದನಿಯಲ್ಲ, ಬಿ.ಎ. ಐದನೆಯ ಸೆಮಿಸ್ಟರಿನ ತರಗತಿಯಲ್ಲಿ ನಿಂತ ನಿನ್ನ ದನಿ. ಮೇಷ್ಟರು ಬರೆಯುವ ಕಾದಂಬರಿಗೆ ಸಮಯ ಕಡಿಮೆ ಎಂಬುದಕ್ಕಿಂತ ದೊಡ್ಡ ಅಪಾಯ ಇದು: ಎಲ್ಲವನ್ನೂ ಬಿಡಿಸಿ ಹೇಳುವ ಚಟ. ತರಗತಿಯಲ್ಲಿ ಬಿಡಿಸಿ ಹೇಳದಿದ್ದರೆ ಹುಡುಗರಿಗೆ ಅನ್ಯಾಯ. ಕಥೆಯಲ್ಲಿ ಬಿಡಿಸಿ ಹೇಳಿದರೆ ಓದುಗರಿಗೆ ಅವಮಾನ. ಬರೆದ ಮೇಲೆ ಪುಟ ಪುಟ ಗಟ್ಟಿಯಾಗಿ ಓದು. ಎಲ್ಲಿ ನಿನಗೆ ಕರಿಹಲಗೆಯ ನೆನಪಾಗುತ್ತದೋ ಅಲ್ಲಿ ಗೀಟು ಹಾಕು.

ಈಗ ಸಮಯದ ಲೆಕ್ಕ. ಯುಜಿಸಿ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ, ಎಲ್ಲ ಕೆಲಸ ಸೇರಿ 40 ಗಂಟೆ, ವರ್ಷಕ್ಕೆ ಬೋಧನೆಯ 30 ವಾರ. ಕಾಗದದ ಮೇಲೆ ಇದು ಹಿತವಾಗಿದೆ. ನ್ಯಾಕ್ ಕಡತ, ಪ್ರವೇಶಾತಿ, ಆಂತರಿಕ ಅಂಕ, ಎನ್‌ಎಸ್‌ಎಸ್ ಶಿಬಿರ, ವಿಶ್ವವಿದ್ಯಾಲಯಕ್ಕೆ ಹೋಗಿ ಮೌಲ್ಯಮಾಪನ ಎಲ್ಲ ಸೇರಿದರೆ ರಜೆ ಅರ್ಧಕ್ಕೆ ಇಳಿಯುತ್ತದೆ. ಆದರೂ ಉಳಿದ ಅರ್ಧ ನಿನ್ನದು. ಸೆಮಿಸ್ಟರ್ ನಡೆಯುವಾಗ ಹೊಸ ಅಧ್ಯಾಯ ಶುರು ಮಾಡಬೇಡ. ಕಾದಂಬರಿಗೆ ಒಂದೇ ಉಸಿರಿನ ದಿನಗಳು ಬೇಕು, ಅವನ್ನು ರಜೆಗೆ ಕಾದಿಡು. ಸೆಮಿಸ್ಟರಿನಲ್ಲಿ ಬರೆದದ್ದನ್ನು ತಿದ್ದು, ಸಣ್ಣಕಥೆ ಬರಿ, ಟಿಪ್ಪಣಿ ಮಾಡು. ದಿನಕ್ಕೆ ಒಂದು ತಾಸು ಬೆಳಗಿನ ಜಾವದ್ದು ಇಟ್ಟುಕೋ. ಸಂಜೆಯ ತಾಸು ನಂಬಬೇಡ, ಅದರಲ್ಲಿ ಹುಡುಗರ ಉತ್ತರಪತ್ರಿಕೆಯ ವಾಕ್ಯಗಳೇ ಕಿವಿಯಲ್ಲಿ ಗುನುಗುತ್ತಿರುತ್ತವೆ.

ಹಾಗಾದರೆ ಹೊತ್ತು ಹೋಗುತ್ತಿರುವುದು ಎಲ್ಲಿ? ನಿನ್ನ ಕಾಗದದಲ್ಲೇ ಉತ್ತರವಿದೆ, ನೀನು ನೋಡಿಲ್ಲ. ಕಳೆದ ತಿಂಗಳು ಶಹಾಪುರದಲ್ಲಿ ಪುಸ್ತಕ ಬಿಡುಗಡೆಗೆ ಹೋದದ್ದು, ಯಾದಗಿರಿಯಲ್ಲಿ ಕವಿಗೋಷ್ಠಿಯ ಅಧ್ಯಕ್ಷತೆ, ಯಾರದೋ ಸಂಕಲನಕ್ಕೆ ಮುನ್ನುಡಿ, ಅಭಿನಂದನ ಗ್ರಂಥಕ್ಕೆ ಲೇಖನ, ಆನ್‌ಲೈನ್ ವಿಚಾರ ಸಂಕಿರಣ, ತಾಲೂಕು ಸಮ್ಮೇಳನದ ಸಮಿತಿ. ಇವು ಪಾಠವೂ ಅಲ್ಲ, ಬರವಣಿಗೆಯೂ ಅಲ್ಲ. ಸಾಹಿತಿ ಎನಿಸಿಕೊಳ್ಳುವ ಮೂರನೆಯ ನೌಕರಿ ಇದು. ಸಂಬಳವಿಲ್ಲ, ಶಾಲು ಇದೆ. ನಮ್ಮ ಕಡೆ ಓದು ಬರಹ ಬಲ್ಲ ಹೆಣ್ಣುಮಗಳು ವೇದಿಕೆಗೆ ಸಿಗುವುದು ಕಡಿಮೆ, ಆದ್ದರಿಂದ ಎಲ್ಲರೂ ನಿನ್ನನ್ನೇ ಕರೆಯುತ್ತಾರೆ. ಕರೆದವರ ಪ್ರೀತಿ ಸುಳ್ಳಲ್ಲ. ಆದರೆ ಕಾದಂಬರಿ ಮುಗಿಯುವ ಮುನ್ನವೇ ಕಾದಂಬರಿಕಾರ್ತಿ ಎಂದು ಸನ್ಮಾನ ಮಾಡಿಸಿಕೊಳ್ಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಒಂದು ವರ್ಷ ಎಲ್ಲ ವೇದಿಕೆಗೂ ಕೈಮುಗಿದು ಬರುವುದಿಲ್ಲ ಅನ್ನು. ಸಿಟ್ಟಾದವರು ಪುಸ್ತಕ ಬಂದ ಮೇಲೆ ಸಮಾಧಾನವಾಗುತ್ತಾರೆ.

ಇನ್ನು ತರಗತಿಯ ಒಂದೆರಡು ನೇಮ. ಹತ್ತಿ ಬಿಡಿಸುವ ಕಾಲಕ್ಕೆ ನಿನ್ನ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಸಾಲುಸಾಲು ಗೈರು ಬೀಳುತ್ತದೆ. ಯಾಕೆ ಬರಲಿಲ್ಲ ಎಂದು ಕೇಳಿದರೆ ಒಂದು ಕಾದಂಬರಿಯೇ ಸಿಗುತ್ತದೆ. ಕೇಳು, ಕೇಳಿ ಅವರಿಗೆ ನೆರವಾಗು. ಆದರೆ ಅವರು ನಿನ್ನ ಕೈಕೆಳಗೆ ಓದುತ್ತಿರುವವರೆಗೆ ಅದನ್ನು ಕಥೆ ಮಾಡಬೇಡ. ಆಂತರಿಕ ಅಂಕ ನಿನ್ನ ಕೈಯಲ್ಲಿದೆ, ಅವರು ಬೇಡ ಎನ್ನಲಾರರು. ಪದವಿ ಮುಗಿಸಿ ಹೋಗಲಿ, ನಿನ್ನ ನೆನಪಿನಲ್ಲಿ ಅವರ ಮುಖ ಬದಲಾಗಲಿ, ಆಮೇಲೆ ಬರಿ. ನಿನ್ನ ಪುಸ್ತಕವನ್ನು ನಿನ್ನ ವಿದ್ಯಾರ್ಥಿಗಳಿಗೆ ಎಂದೂ ಮಾರಬೇಡ. ನಾಳೆ ಪಠ್ಯಪುಸ್ತಕ ಸಮಿತಿಗೆ ಹೋದರೆ ನಿನ್ನ ಕಥೆ ಚರ್ಚೆಗೆ ಬಂದಾಗ ಎದ್ದು ಹೊರಗೆ ಹೋಗು. ಪ್ರಕಾಶಕರ ಜೊತೆಗೋ ಸಿನಿಮಾದವರ ಜೊತೆಗೋ ಕರಾರಿಗೆ ಸಹಿ ಹಾಕುವ ಮುನ್ನ ಸರಕಾರಿ ನೌಕರರ 2021ರ ನಡತೆ ನಿಯಮಗಳನ್ನು ನೀನೇ ಓದು, ಸ್ಟಾಫ್ ರೂಮಿನ ಮಾತು ಕೇಳಬೇಡ.

ಕೊನೆಯ ಮಾತು ಅಳಿಯಂದಿರಿಗೆ, ಅವರಿಗೆ ಇದನ್ನು ಓದಿ ಹೇಳು. ನಾನು ಬರೆಯುವಾಗ ನಿಮ್ಮ ದೊಡ್ಡಮ್ಮ ನೀರು ತುಂಬಿದಳು, ರೊಟ್ಟಿ ಬಡಿದಳು, ಬಂದವರಿಗೆ ಅವರು ಬರೀಲಿಕ್ಕತ್ತಾರ ಎಂದು ಹೇಳಿ ಬಾಗಿಲಿನಿಂದಲೇ ಕಳಿಸಿದಳು. ನೌಕರಿ ಮಾಡುವ ಗಂಡಸು ಬರಹಗಾರನಾಗುವುದು ಹೀಗೆ, ಇನ್ನೊಬ್ಬರ ದುಡಿಮೆಯ ಮೇಲೆ. ನಿನಗೆ ಆ ಆಸರೆ ಇಲ್ಲದೆ ಕಾಲೇಜು, ಅಡಿಗೆಮನೆ, ಕಾದಂಬರಿ ಮೂರೂ ನಿನ್ನೊಬ್ಬಳ ಮೇಲೆ ಬಿದ್ದರೆ, ದೋಷ ಕಾಲೇಜಿನದಲ್ಲ. ಬೆಳಗಿನ ಆ ಒಂದು ತಾಸು ಚಹಾ, ಕೂಸು, ನೀರು ಅವರ ಪಾಲಿಗೆ ಇರಲಿ. ಇದು ಹಿರಿಯನಾಗಿ ನನ್ನ ವಿನಂತಿ.

ಆದ್ದರಿಂದ ಯವ್ವಾ, ರಾಜೀನಾಮೆ ಬರೆಯಬೇಡ. ಮುಂದಿನ ರಜೆಗೆ ಕೂಸಿನ ಸಮೇತ ದೋರನಹಳ್ಳಿಗೆ ಬಾ. ಮೇಲಿನ ಖೋಲಿ ಖಾಲಿ ಇದೆ, ಕೂಸನ್ನು ನಾವು ನೋಡಿಕೊಳ್ಳುತ್ತೇವೆ. ನಾಲ್ಕನೆಯ ಅಧ್ಯಾಯ ಮುಗಿಸಿಕೊಂಡೇ ಹೋಗು.

ಇಂತಿ ನಿನ್ನ ದೊಡ್ಡಪ್ಪ